ಟೈರಿನ ಸದ್ದು ನಿಂತ ಇಪ್ಪತ್ತೈದು ನಿಮಿಷ

ಇಂಥ ಅನುಭವಗಳನ್ನು ಯಾರಾದರೂ ಬರೆದಿದ್ದರೆ ನಾನು ಓದುತ್ತಿದ್ದದ್ದು ನಗುವುದಕ್ಕೆ. ನನ್ನ ಹೆಂಡತಿ ವಾರಪತ್ರಿಕೆಯಲ್ಲಿ ಬಂದ ಅಂಥದ್ದೊಂದನ್ನು ಕಣ್ಣರಳಿಸಿಕೊಂಡು ಓದಿ ಹೇಳಿದರೆ, ಆ ಮಹಾಶಯ ಹಿಂದಿನ ರಾತ್ರಿ ಏನು ತಿಂದಿದ್ದನಂತೆ ಎಂದು ಕೀಟಲೆ ಮಾಡುತ್ತಿದ್ದೆ. ನಾನು ದೇವರನ್ನು ನಂಬದವನಲ್ಲ. ಬೆಳಿಗ್ಗೆ ಹಣೆಗೆ ವಿಭೂತಿ ಇಡದೆ ಕಾಫಿ ಕುಡಿದವನೂ ಅಲ್ಲ. ಆದರೆ ಗೆಜ್ಜೆಯ ಸದ್ದು, ತಾನಾಗಿ ತೆರೆದ ಬಾಗಿಲು, ಇವೆಲ್ಲ ಹೊತ್ತು ಹೋಗದವರ ಕಟ್ಟುಕಥೆ ಎಂದೇ ತಿಳಿದಿದ್ದೆ.

ಈಗ ನಾನೇ ಬರೆಯಲು ಕುಳಿತಿದ್ದೇನೆ. ನಗುವವರು ಧಾರಾಳವಾಗಿ ನಗಲಿ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇದು ನಡೆದದ್ದು ಅಮಾವಾಸ್ಯೆಯ ರಾತ್ರಿಯಲ್ಲ, ಹುಣಸೆಮರದ ಕೆಳಗೂ ಅಲ್ಲ. ಬಿಸಿಲು ಇನ್ನೂ ಇಳಿಯದ ಹೊತ್ತು, ಲಾರಿ ಬಸ್ಸುಗಳು ಎಡೆಬಿಡದೆ ಓಡುವ ರಿಂಗ್ ರೋಡಿನಲ್ಲಿ. ಅದನ್ನು ನೆನೆದರೆ ನನಗೆ ಹೆದರಿಕೆ ಆಗುವುದಿಲ್ಲ, ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ.

ಹೂಟಗಳ್ಳಿಯಲ್ಲಿ ನನ್ನದೊಂದು ಸಣ್ಣ ಕಾರ್ಖಾನೆ ಇದೆ. ರಟ್ಟಿನ ಪೆಟ್ಟಿಗೆಗಳನ್ನು ಮಾಡುತ್ತೇವೆ. ನಮ್ಮ ತಾತನಿಗೆ ಬೆಲ್ಲದ ಮಂಡಿಯಿತ್ತು, ಬಾಗಿಲಲ್ಲಿ ಎತ್ತಿನ ಗಾಡಿಗಳು ನಿಂತಿರುತ್ತಿದ್ದವು. ಅಪ್ಪ ಸೈಕಲ್ಲಿನಿಂದ ಸ್ಕೂಟರಿಗೆ ಬಂದರು. ನಾನು ಎರಡು ಸಾವಿರದ ಆರೋ ಏಳೋ ಇರಬೇಕು, ಒಂದು ದೊಡ್ಡ ವಿದೇಶಿ ಎಸ್‌ಯುವಿ ಕೊಂಡೆ. ಕಂಪನಿಯ ಹೆಸರು ಬೇಡ. ಒಂಟಿಕೊಪ್ಪಲಿನ ನಮ್ಮ ಬೀದಿಗೆ ಅದು ಬಂದು ನಿಂತ ದಿನ ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಮೊಣಕೈ ಊರಿ ನೋಡಿದರು. ಕಿಟಕಿ ಏರಿಸಿದರೆ ಹೊರಗೆ ಮದುವೆ ದಿಬ್ಬಣ ಹೋದರೂ ಒಳಗೆ ಕೇಳುವುದಿಲ್ಲ ಎಂದು ಶೋರೂಮಿನವರು ಹೇಳಿ ಮಾರಿದ್ದರು. ಮೊದಲ ಕೆಲವು ತಿಂಗಳು ಅದು ನಿಜವೂ ಆಗಿತ್ತು.

ಅದನ್ನು ಓಡಿಸುತ್ತಿದ್ದವನು ಮಾದೇವ. ಕೆಸರೆಯವನು. ಹನ್ನೊಂದು ವರ್ಷದಿಂದ ನನ್ನ ಜೊತೆಗಿದ್ದ. ಕಾರ್ಖಾನೆಯ ಟೆಂಪೋ ಓಡಿಸಲು ಬಂದವನು ಆಮೇಲೆ ನನ್ನ ಅಂಬಾಸಡರ್ ಕಾರಿಗೆ, ಅದಾದ ಮೇಲೆ ಇದಕ್ಕೆ ಬಂದ. ಮಾತು ಕಡಿಮೆ. ಬಿಳಿ ಶರ್ಟು ಕೊಳೆಯಾಗಲು ಬಿಡುತ್ತಿರಲಿಲ್ಲ. ರಸ್ತೆಯ ಹಂಪುಗಳನ್ನು ಅವನು ಹತ್ತಿ ಇಳಿಸುತ್ತಿದ್ದ ರೀತಿಗೆ ಹಿಂದೆ ಕುಳಿತ ನನ್ನ ತಾಯಿಗೆ ನಿದ್ದೆ ಬರುತ್ತಿತ್ತು.

ಆ ವರ್ಷ ದಸರಾ ಕಳೆದು ಎರಡು ತಿಂಗಳಾಗಿರಬಹುದು, ಟೈರಿನ ಸದ್ದು ಶುರುವಾಯಿತು. ಮೊದಲು ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ. ಬರಬರುತ್ತ ಗಿರಣಿ ಸೀಟಿನ ಕೆಳಗೇ ಬಂದುಬಿಟ್ಟಿತು. ಗಾಡಿ ನಲವತ್ತು ದಾಟಿದರೆ ಗುಂಯ್ ಎನ್ನುವುದು, ಅರವತ್ತಕ್ಕೆ ಹೋದರೆ ಪಕ್ಕದಲ್ಲಿ ಕುಳಿತವರಿಗೆ ಕೂಗಿ ಹೇಳಬೇಕು. ಗಾಡಿ ನಮ್ಮ ಬೀದಿಯ ತಿರುವಿಗೆ ಬರುವ ಮುಂಚೆಯೇ ನನ್ನ ಹೆಂಡತಿಗೆ ಗೊತ್ತಾಗುತ್ತಿತ್ತು. ನೀವು ಬಂದಿರೆಂದು ಇಡೀ ಬಡಾವಣೆಗೇ ಡಂಗುರ ಹೊಡೆಯುತ್ತದೆ ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಶೋರೂಮಿಗೆ ಹೋದೆ. ಒಬ್ಬ ಟೈ ಕಟ್ಟಿಕೊಂಡವನು ಬಂದು ನೂರು ಗಜ ಓಡಿಸಿ, "ಇದು ನಾರ್ಮಲ್ ಸಾರ್" ಎಂದ. ಎಸ್‌ಯುವಿ ಎಂದಮೇಲೆ ಟೈರು ದಪ್ಪ, ದಪ್ಪ ಟೈರೆಂದಮೇಲೆ ಸದ್ದು ಎಂದು ನನಗೆ ಪಾಠ ಹೇಳಿದ. ಹಾಗಾದರೆ ಮೊದಲು ಯಾಕಿರಲಿಲ್ಲ ಎಂದು ಕೇಳಿದೆ. ಮೊದಲು ನೀವು ಗಮನಿಸಿರುವುದಿಲ್ಲ ಎಂದ! ಕಿವಿ ಹುಟ್ಟಿದ್ದು ಹೋದ ವಾರವೇನೋ ಎಂಬಂತೆ. ಎರಡನೆಯ ಸಲ ಹೋದಾಗ ಅಲೈನ್‌ಮೆಂಟ್ ಮಾಡಿದೆವು ಎಂದರು, ಮೂರನೆಯ ಸಲ ಬ್ಯಾಲೆನ್ಸಿಂಗ್. ನಾಲ್ಕನೆಯ ಸಲ ರಸ್ತೆ ಸರಿಯಿಲ್ಲ ಎಂದರು. ಮೈಸೂರಿನ ರಸ್ತೆಗಳಿಗೆ ನಾನು ಜವಾಬ್ದಾರನಾಗಿದ್ದರೆ ಅದನ್ನೂ ಒಪ್ಪಿಕೊಳ್ಳುತ್ತಿದ್ದೆನೋ ಏನೋ.

ಮಾದೇವ ಎರಡು ಸಲ ಮೆಲ್ಲಗೆ ಹೇಳಿದ್ದ, ಹೊರಗಡೆ ಯಾರಾದರೂ ಟೈರಿನವರಿಗೆ ಒಮ್ಮೆ ತೋರಿಸೋಣ ಎಂದು. ನಾನು ಬಿಡಲಿಲ್ಲ. ಹೊರಗಿನವರು ಕೈ ಹಾಕಿದರೆ ವಾರಂಟಿ ಹೋಗುತ್ತದೆ ಎಂದು ಶೋರೂಮಿನವರು ಹೆದರಿಸಿದ್ದರು. ಅದರ ಬದಲು ನಾನೊಂದು ನೋಟುಬುಕ್ಕು ಇಟ್ಟೆ. ದಿನಾಂಕ, ವೇಳೆ, ರಸ್ತೆ, ವೇಗ, ಸದ್ದು ಎಷ್ಟು ಎಂದು ಪ್ರತಿ ಸಲವೂ ಬರೆದುಕೊಂಡೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ ಆ ಟೈ ಕಟ್ಟಿದವನ ಮುಂದೆ ಅದನ್ನು ಓದಬೇಕೆಂಬ ಹಟ ನನಗೆ. ಈ ಬುಕ್ಕು ಇಲ್ಲದಿದ್ದರೆ ಮುಂದೆ ನಡೆದದ್ದನ್ನು ನಾನೇ ನಂಬುತ್ತಿರಲಿಲ್ಲ.

ಐದನೆಯ ಸಲ ಹೋದಾಗ ಅವರು ಮಾತು ಬದಲಿಸಿದರು. ಗಾಡಿಯನ್ನು ಮೇಲಕ್ಕೆತ್ತಿ ನನ್ನ ಅಂಗೈಯನ್ನು ಟೈರಿನ ಮೇಲೆ ಸವರಿಸಿದರು. ಗರಗಸದ ಹಲ್ಲಿನ ಹಾಗೆ ಸವೆದಿತ್ತು. ಆಮೇಲೆ ಆ ಟೈ ಕಟ್ಟಿದವನು ಬಹಳ ಮರ್ಯಾದೆಯಿಂದ, "ನಿಮ್ಮ ಡ್ರೈವರ್ ಹೇಗೆ ಓಡಿಸ್ತಾರೆ ಸಾರ್?" ಎಂದು ಕೇಳಿದ. ಫುಟ್‌ಪಾತಿಗೆ ಉಜ್ಜಿಸಿ, ಹಂಪಿನ ಮೇಲೆ ಹಾರಿಸಿ, ಗಾಳಿ ನೋಡದೆ ಓಡಿಸಿದರೆ ಹೀಗೇ ಆಗುತ್ತದಂತೆ. ನೀವಿಲ್ಲದಾಗ ಏನು ಮಾಡುತ್ತಾರೋ ನಿಮಗೇನು ಗೊತ್ತು ಎಂದೂ ಸೇರಿಸಿದ.

ನಾನು ನಂಬಿದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನಾಲ್ಕು ತಿಂಗಳಿಂದ ಸಿಟ್ಟು ಹೊತ್ತು ತಿರುಗುತ್ತಿದ್ದೆ, ಅದನ್ನು ಇಳಿಸಲು ಒಂದು ಜಾಗ ಬೇಕಾಗಿತ್ತು. ಶೋರೂಮಿನವನು ಜಾಗ ತೋರಿಸಿದ. ನೆಟ್ಟಗೆ ಕಾರ್ಖಾನೆಗೆ ಬಂದೆ. ಊಟದ ಬಿಡುವು, ಕೆಲಸಗಾರರೆಲ್ಲ ಗೇಟಿನ ಬಳಿ ನೆರಳಿನಲ್ಲಿ ಕುಳಿತಿದ್ದರು. ಅವರೆಲ್ಲರೆದುರಿಗೆ ಮಾದೇವನನ್ನು ನಿಲ್ಲಿಸಿಕೊಂಡು, ಗಾಡಿ ಹಾಳು ಮಾಡಿದ್ದು ನೀನು, ನಾನಿಲ್ಲದಾಗ ಎಲ್ಲೆಲ್ಲಿ ಕುಣಿಸಿಕೊಂಡು ಬಂದೆಯೋ, ನಾಳೆಯಿಂದ ಬರಬೇಡ ಎಂದುಬಿಟ್ಟೆ.

ಅವನು ಕೀಲಿಯನ್ನು ಶರ್ಟಿನ ತುದಿಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ.

"ಹೋಗು ಅಂದ್ರೆ ಹೋಯ್ತೀನಿ ಸಾರ್. ಹಾಳ್ ಮಾಡ್ದೆ ಅನ್ನೋ ಮಾತು ಮಾತ್ರ ಬೇಡ. ಅದೊಂದ್ ಮಾತ್ ಬಿದ್ಮೇಲೆ ಯಾರೂ ಸ್ಟೇರಿಂಗ್ ಕೊಡಾಕಿಲ್ಲ ನಂಗೆ."

ನಾನು ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಡ್ರೈವರುಗಳ ಲೋಕ ಚಿಕ್ಕದು. ಕಾರು ನಿಲ್ಲಿಸಿಕೊಂಡು ಟೀ ಕುಡಿಯುವ ಜಾಗಗಳಲ್ಲಿ ಯಾವ ಮಾತೂ ಒಂದು ದಿನಕ್ಕಿಂತ ಹೆಚ್ಚು ಗುಟ್ಟಾಗಿ ಉಳಿಯುವುದಿಲ್ಲ. ನನ್ನ ಪರಿಚಯದ ಇಬ್ಬರು ಅವನನ್ನು ಕೆಲಸಕ್ಕಿಟ್ಟುಕೊಳ್ಳುವ ಮುಂಚೆ ನನಗೆ ಫೋನು ಮಾಡಿ ಕೇಳಿದರು. ಗಾಡಿ ನೋಡಿದರೆ ನಿಮಗೇ ಗೊತ್ತಾಗುತ್ತದೆ ಎಂದೆ. ಅಷ್ಟು ಹೇಳಿದ್ದು ಸಾಕಾಯಿತು.

ಗಾಡಿಯನ್ನು ನಾನೇ ಓಡಿಸತೊಡಗಿದೆ. ಸದ್ದೇನೂ ಕಡಿಮೆಯಾಗಲಿಲ್ಲ.

ಸುಮಾರು ಮೂರು ವಾರವಾದ ಮೇಲೆ ಒಂದು ಸೋಮವಾರ. ಒಳ್ಳೆ ಬೇಸಿಗೆ. ನಾಲ್ಕೂವರೆಗೆ ಕಾರ್ಖಾನೆಯಿಂದ ಹೊರಟೆ. ರಿಂಗ್ ರೋಡಿಗೆ ಬರುತ್ತಲೇ ಮಾಮೂಲಿ ಗಿರಣಿ ಶುರುವಾಯಿತು. ಕೆ.ಆರ್.ಎಸ್. ರಸ್ತೆಯ ತಿರುವಿಗೆ ಇನ್ನೂ ಒಂದು ಮೈಲಿ ಇದೆ ಎನ್ನುವಾಗ ಸದ್ದು ನಿಂತುಹೋಯಿತು. ಕಡಿಮೆಯಾಗುತ್ತ ಬಂದು ನಿಂತದ್ದಲ್ಲ. ಯಾರೋ ಒಳಗಿನಿಂದ ಎದ್ದು ಬಾಗಿಲು ಮುಚ್ಚಿಕೊಂಡು ಹೊರಗೆ ಹೋದ ಹಾಗೆ ಒಮ್ಮೆಗೇ ಇಲ್ಲವಾಯಿತು.

ಗಾಡಿ ಓಡುತ್ತಲೇ ಇತ್ತು. ಮುಳ್ಳು ಅರವತ್ತರ ಮೇಲಿತ್ತು. ನನ್ನ ಕೈಗಡಿಯಾರದ ಟಿಕ್ ಟಿಕ್ ಕೇಳಿಸಿತು. ಕಿವಿ ಹೋಯಿತೇನೋ ಎಂದು ಕಿಟಕಿ ಇಳಿಸಿದೆ. ಪಕ್ಕದಲ್ಲಿ ಹೋದ ಲಾರಿಯ ಅಬ್ಬರ, ಬಸ್ಸಿನ ಹಾರನ್ನು ಎಲ್ಲ ಸರಿಯಾಗಿಯೇ ಕೇಳಿದವು. ನನ್ನ ಟೈರುಗಳದು ಮಾತ್ರ ಇಲ್ಲ. ಪಕ್ಕಕ್ಕೆ ನಿಲ್ಲಿಸಿ ಇಳಿದೆ. ನಾಲ್ಕು ಚಕ್ರಗಳೂ ಇದ್ದವು, ಗಾಳಿ ಇತ್ತು. ಅಂಗೈಯಿಂದ ಸವರಿದೆ, ಅದೇ ಗರಗಸದ ಹಲ್ಲು. ಸಂತೋಷವಾಗಬೇಕಿತ್ತು, ಆದರೆ ಮೈಯೆಲ್ಲ ಉರಿಯಿತು. ಇಷ್ಟು ದಿನ ನನ್ನ ಪ್ರಾಣ ಹಿಂಡಿ, ನ್ಯಾಯಾಲಯಕ್ಕೆ ಹೋಗುವ ಹೊತ್ತಿಗೆ ಸಾಚಾ ಆಗಿಬಿಟ್ಟೆಯಾ ಎಂದು ಟೈರಿಗೆ ಕಾಲಿನಿಂದ ಒದ್ದೆ. ಬುಕ್ಕು ತೆಗೆದು ಬರೆದೆ: ನಾಲ್ಕು ನಲವತ್ತು, ಸದ್ದು ಇಲ್ಲ.

ಮನೆಗೆ ಹೋಗದೆ ಪರೀಕ್ಷೆಗೆಂದೇ ರಿಂಗ್ ರೋಡಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿದೆ. ಎಂಬತ್ತಕ್ಕೆ ಹೋದೆ. ಒರಟು ಡಾಂಬರಿನ ಮೇಲೆ ಹೋದೆ. ಗಾಡಿ ಹೊಸದರಲ್ಲೂ ಅಷ್ಟು ಮೌನವಾಗಿರಲಿಲ್ಲ. ಅದು ಹಾಯಾದ ಮೌನವೂ ಆಗಿರಲಿಲ್ಲ, ಯಾರೋ ಇರಬೇಕಾದ ಕಡೆ ಇಲ್ಲದಂತಿತ್ತು. ಕೊನೆಗೆ ಕೆ.ಆರ್.ಎಸ್. ರಸ್ತೆ ಹಿಡಿದು ಒಂಟಿಕೊಪ್ಪಲಿನ ಹತ್ತಿರ ಬಂದಾಗ, ಹೇಗೆ ಹೋಗಿತ್ತೋ ಹಾಗೆಯೇ ಒಮ್ಮೆಗೇ ಸದ್ದು ಬಂದು ಕುಳಿತುಕೊಂಡಿತು. ಐದು ಗಂಟೆ ಐದು ನಿಮಿಷ. ಅದನ್ನೂ ಬರೆದೆ.

ಮಾರನೆಯ ದಿನ ಶೋರೂಮಿಗೆ ಹೋಗಿ ಇದಕ್ಕೇನು ಹೇಳುತ್ತೀರಿ ಎಂದು ಬುಕ್ಕನ್ನು ಮೇಜಿನ ಮೇಲೆ ಕುಕ್ಕಿದೆ. ಇಪ್ಪತ್ತೈದು ನಿಮಿಷ ಇರಲಿಲ್ಲ ಎಂದರೆ ದೋಷವಿಲ್ಲ ಎಂದೇ ಅರ್ಥ, ನಾವು ಹೇಳಿರಲಿಲ್ಲವೇ ಎಂದು ಆ ಮನುಷ್ಯ ನಕ್ಕ. ಅವತ್ತು ನಾನು ಅವನ ಟೈಗೆ ಕೈ ಹಾಕದೆ ಬಂದದ್ದೇ ಹೆಚ್ಚು.

ಇದಾಗಿ ನಾಲ್ಕೈದು ದಿನಕ್ಕೆ ರಿಂಗ್ ರೋಡಿನಲ್ಲಿ ಪಂಕ್ಚರ್ ಆಯಿತು. ವಾರಂಟಿ ಹಾಳಾಗಿ ಹೋಗಲಿ ಎಂದು ಪಕ್ಕದಲ್ಲೇ ಇದ್ದ ಟೈರಿನ ಅಂಗಡಿಗೆ ಹೋದೆ. ವಯಸ್ಸಾದ ಸಾಬರು. ಜಾಕಿ ಏರಿಸಿದವರು ಚಕ್ರ ಬಿಚ್ಚುವ ಮುಂಚೆ ಹಾಗೇ ನಿಂತರು. ಗಾಡಿಯನ್ನು ಒಂದು ಸುತ್ತು ಬಂದು ನಾಲ್ಕೂ ಟೈರುಗಳನ್ನು ಬಗ್ಗಿ ನೋಡಿ, "ಯಾರ್ ಸಾರ್ ಇದನ್ನ ಉಲ್ಟಾ ಹಾಕಿದ್ದು?" ಎಂದರು. ಟೈರಿನ ಮಗ್ಗುಲಲ್ಲಿ ಒಂದು ಸಣ್ಣ ಬಾಣದ ಗುರುತಿತ್ತು. ಚಕ್ರ ಉರುಳುವ ಕಡೆಗೆ ಅದು ಮುಖ ಮಾಡಿರಬೇಕು. ನನ್ನ ನಾಲ್ಕು ಟೈರುಗಳಲ್ಲೂ ಬಾಣ ಹಿಂದಕ್ಕೆ ತಿರುಗಿತ್ತು. ಈ ಜಾತಿಯ ಟೈರಿಗೆ ಚಪ್ಪಲಿಯ ಹಾಗೆ ಎಡ ಬಲ ಉಂಟು, ಅದಲು ಬದಲಾದರೆ ಹಿಂದುಮುಂದಾಗಿ ಉರುಳಿ ಹೀಗೆ ಹಲ್ಲುಹಲ್ಲಾಗಿ ಸವೆದು ಕೂಗುತ್ತದೆ ಎಂದು ಅವರು ವಿವರಿಸಿದರು. ಐದು ಸಲ ಗಾಡಿಯನ್ನು ನೋಡಿದ ಶೋರೂಮಿನವರಲ್ಲಿ ಒಬ್ಬನೂ ಆ ಬಾಣವನ್ನು ನೋಡಿರಲಿಲ್ಲ.

ಯಾರು ಹಾಕಿದ್ದು ಎಂಬ ಪ್ರಶ್ನೆಗೆ ಉತ್ತರ ನನಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ನಮ್ಮ ತಾತನ ಮಂಡಿಯಲ್ಲಿ ಆಯುಧಪೂಜೆಯ ದಿನ ಎತ್ತಿನ ಗಾಡಿಗಳ ಚಕ್ರಗಳನ್ನು ಅಚ್ಚಿನಿಂದ ಕಳಚಿ, ತೊಳೆದು, ಸಾಲಾಗಿ ಒರಗಿಸಿ, ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು. ಮನೆಗೆ ಅನ್ನ ತಂದದ್ದು ಚಕ್ರ, ಅದಕ್ಕೆ ಬೇರೆಯಾಗಿಯೇ ಪೂಜೆ ಆಗಬೇಕು ಎನ್ನುತ್ತಿದ್ದರು. ಹೊಸ ಗಾಡಿ ಬಂದ ವರ್ಷ ನನಗೆ ಆ ಹಳೆಯ ಪದ್ಧತಿಯ ಹುಚ್ಚು ಹತ್ತಿತು. ಕಾರ್ಖಾನೆಯ ಅಂಗಳದಲ್ಲಿ ಎಸ್‌ಯುವಿಯ ನಾಲ್ಕೂ ಚಕ್ರ ಬಿಚ್ಚಿಸಿ, ತೊಳೆಸಿ, ಬಾಳೆಎಲೆಯ ಮೇಲೆ ನಿಲ್ಲಿಸಿ, ಮಠದಿಂದ ತಂದ ವಿಭೂತಿಯನ್ನು ಮೂರು ಬೆರಳಿನಿಂದ ನಾನೇ ಎಳೆದೆ. ಮಂಗಳಾರತಿಯಾದ ಮೇಲೆ ಪ್ಯಾಕಿಂಗಿನ ಇಬ್ಬರು ಆಳುಗಳು ಕೈಗೆ ಸಿಕ್ಕಿದ ಚಕ್ರವನ್ನು ಸಿಕ್ಕಿದ ಕಡೆ ಹಾಕಿದರು. ಊಟಕ್ಕೆ ಹೊತ್ತಾಯಿತು, ಬೇಗ ಹಾಕ್ರಪ್ಪ ಎಂದು ಅವಸರ ಮಾಡುತ್ತ ನಿಂತಿದ್ದವನೂ ನಾನೇ. ಎತ್ತಿನ ಗಾಡಿಯ ಚಕ್ರಕ್ಕೆ ಎಡ ಬಲ ಇರಲಿಲ್ಲವಲ್ಲ. ಮಾದೇವ ಆ ದಿನ ಊರಲ್ಲೇ ಇರಲಿಲ್ಲ. ಅವನ ಮಾವನ ತಿಥಿಗೆಂದು ರಜ ಕೊಟ್ಟು ಕಳಿಸಿದ್ದೆ.

ನನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಶೋರೂಮಿನವನು ಎದುರಿಗೆ ಬಂದಿದ್ದರೂ ಬಿಟ್ಟುಬಿಡುತ್ತಿದ್ದೆ. ಆದರೂ ಕೆಸರೆಗೆ ಹೋಗಲು ಎರಡು ದಿನ ಕಾಲು ಏಳಲಿಲ್ಲ. ಮೂರನೆಯ ದಿನ ಸಂಜೆ ಹೋದೆ. ಗಾಡಿ ಟೈರಿನ ಅಂಗಡಿಯಲ್ಲಿತ್ತು, ಆಟೋದಲ್ಲಿ ಹೋದೆ. ಮಾದೇವ ಇನ್ನೂ ಬಂದಿರಲಿಲ್ಲ. ಅವನ ಹೆಂಡತಿ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಚಾಪೆ ಹಾಸಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಕೇಳಿದಳು.

"ಅವತ್ತು ಬಾಗ್ಲುಗಂಟ ಬಂದು ಅಂಗೇ ಯಾಕ್ ಸಾರ್ ಹೊಂಟೋದ್ರಿ? ಒಳಕ್ಕೂ ಬರ್ನಿಲ್ಲ."

ಯಾವತ್ತು ಎಂದೆ. ಹೋದ ವಾರ ಸೋಮವಾರ ಎಂದಳು. ಅವರ ಬೀದಿಗೆ ನಲ್ಲಿ ನೀರು ಬಿಡುವುದು ನಾಲ್ಕೂವರೆಗೆ. ಅವಳೂ ಪಕ್ಕದ ಮನೆಯವಳೂ ನೀರು ಹಿಡಿಯುತ್ತಿದ್ದರಂತೆ. ಎರಡನೆಯ ಬಿಂದಿಗೆ ತುಂಬುವಾಗ ಬೀದಿಯ ಆ ತುದಿಯಿಂದ ನಮ್ಮ ಗಾಡಿಯ ಸದ್ದು ಬಂತು. ಮಾದೇವ ಆ ಕಡೆ ಬಂದಾಗ ಮನೆಗೆ ಬಂದು ಊಟ ಮಾಡಿಕೊಂಡು ಹೋಗುತ್ತಿದ್ದರಿಂದ ಆ ಸದ್ದು ಬೀದಿಗೆಲ್ಲ ಪರಿಚಯ. ಪಕ್ಕದ ಮನೆಯವಳು ದಾರಿ ಬಿಡಲು ಬಿಂದಿಗೆಗಳನ್ನು ಪಕ್ಕಕ್ಕೆಳೆದುಕೊಂಡಳು. ಇಬ್ಬರೂ ತಿರುಗಿ ನೋಡಿದರೆ ಗಾಡಿ ಇಲ್ಲ. ಎಂಜಿನ್ನಿನ ಸದ್ದೂ ಇಲ್ಲ, ಬರೀ ಟೈರಿನದು. ಅದು ಮೆಲ್ಲಗೆ ಬಂದು ಇವರ ಬಾಗಿಲ ಮುಂದೆ ನಿಂತಿತು. ಒಳಗೆ ಮಲಗಿದ್ದ ಮಾದೇವ ಸಾರ್ ಬಂದರು ಎಂದು ಎದ್ದು, ಗೂಟದಲ್ಲಿ ನೇತುಹಾಕಿದ್ದ ಬಿಳಿ ಶರ್ಟು ಹಾಕಿಕೊಂಡು, ಗುಂಡಿ ಹಾಕುತ್ತಲೇ ಹೊರಗೆ ಬಂದ. ಬಂದವನು ಬೀದಿಯಲ್ಲಿ ಹಾಗೆಯೇ ನಿಂತ. ಸ್ವಲ್ಪ ಹೊತ್ತಾದ ಮೇಲೆ ಸದ್ದು ಮತ್ತೆ ಎದ್ದು ಬಂದ ದಾರಿಯಲ್ಲೇ ಹೋಯಿತು. ಆಗ ಐದು ಗಂಟೆಯಾಗಿತ್ತು, ನಲ್ಲಿ ನಿಲ್ಲುವ ಹೊತ್ತು.

ಗಾಡಿ ಕಾಣಲಿಲ್ಲ ಎಂದು ಅವಳೇ ಹೇಳಿ, ನೀವು ಬಂದಿದ್ದಿರಿ ಎಂದೂ ಅವಳೇ ಹೇಳುತ್ತಿದ್ದಳು. ಆ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಆ ಸೋಮವಾರದ ವಿಷಯವನ್ನು ನಾನು ಶೋರೂಮಿನವನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಮಾದೇವ ಬಂದ. ಮರಳು ಲಾರಿಯ ಕೆಲಸ ಹಿಡಿದಿದ್ದ. ಅಂಗಿಯ ತುಂಬ ಧೂಳು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಬಾಣದ ಗುರುತು, ಆಯುಧಪೂಜೆ, ನನ್ನ ಅವಸರ. ತಪ್ಪು ನನ್ನದು, ನಾಳೆಯಿಂದ ಬಾ ಎಂದು ಕೇಳಿಕೊಂಡೆ. ಅವನು ಅಂಗಿಯ ಧೂಳು ಕೊಡವಿಕೊಂಡ. ಬರಲಾರೆ, ಲಾರಿಯವರಿಗೆ ಮಾತು ಕೊಟ್ಟಾಗಿದೆ ಎಂದ. ನಾನು ಮತ್ತೆ ಮತ್ತೆ ಕರೆದ ಮೇಲೆ, "ಆ ಮಾತು ಎಲ್ಲಿ ಆಡುದ್ರೋ ಅಲ್ಲೇ ನಿಂತು ಇಲ್ಲ ಅನ್ನಿ ಸಾರ್. ನಂಗದೊಂದ್ ಸಾಕು" ಎಂದ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಗೇಟಿನ ಬಳಿ, ಅದೇ ಜನರ ಮುಂದೆ ಹೇಳಿದೆ. ಗಾಡಿ ಹಾಳು ಮಾಡಿದ್ದು ನಾನು, ಮಾದೇವನಲ್ಲ ಎಂದು. ಅವನ ಬಗ್ಗೆ ಕೇಳಿದ್ದ ಇಬ್ಬರಿಗೂ ಫೋನು ಮಾಡಿ ಹೇಳಿದೆ. ಪ್ಯಾಕಿಂಗಿನ ಆ ಇಬ್ಬರು ಆಳುಗಳು ತಲೆ ತಗ್ಗಿಸಿಕೊಂಡು ಒಳಗೆ ಹೋದರು.

ಆಮೇಲೆ ಬಲ್ಲವರನ್ನೆಲ್ಲ ಕೇಳಿದ್ದೇನೆ. ನನ್ನ ಭಾವಮೈದ ಎಂಜಿನಿಯರ್, ಬಿಸಿಲಿಗೆ ರಬ್ಬರು ಮೆತ್ತಗಾಗಿ ಸದ್ದು ನಿಂತಿರಬಹುದು ಎಂದ. ಹಾಗಾದರೆ ಬೇಸಿಗೆಯ ಉಳಿದ ದಿನಗಳಲ್ಲಿ ಏಕೆ ನಿಲ್ಲಲಿಲ್ಲ? ಕೆಸರೆಯಲ್ಲಿ ಕೇಳಿದ್ದು ಬೇರೆ ಯಾವುದೋ ಗಾಡಿ ಎಂದರು ಕೆಲವರು. ಯಾವ ಗಾಡಿಯೂ ಇಲ್ಲದ ಬೀದಿಯಲ್ಲಿ? ನನ್ನ ಹೆಂಡತಿ ಮಾತ್ರ ಏನೂ ವಿವರಣೆ ಕೊಡಲಿಲ್ಲ, ಕೀಟಲೆಯನ್ನೂ ಮಾಡಲಿಲ್ಲ. ಅದು ನನಗೆ ಹೆಚ್ಚು ಚುಚ್ಚಿತು. ನನಗೆ ಇಂದಿಗೂ ಏನೂ ಅರ್ಥವಾಗಿಲ್ಲ. ಒಮ್ಮೊಮ್ಮೆ ಆ ಸದ್ದಿನ ಮೇಲೆಯೇ ಸಿಟ್ಟು ಬರುತ್ತದೆ. ಹೋಗುವುದಾದರೆ ನನ್ನನ್ನೂ ಎಳೆದುಕೊಂಡು ಹೋಗಬಹುದಿತ್ತಲ್ಲ, ಗಾಡಿಯೊಳಗೇ ಇದ್ದೆನಲ್ಲ.

ಕೆಸರೆಯಲ್ಲಿ ಆ ಸಂಜೆ ಮಾದೇವ ನನ್ನನ್ನು ಆಟೋದವರೆಗೆ ಕಳಿಸಲು ಬಂದಿದ್ದ. ದಾರಿಯಲ್ಲಿ ಅವನೇ ಮಾತು ತೆಗೆದ. ಇಷ್ಟು ದಿನ ಅವನು ಒಂದನ್ನು ನಂಬಿಕೊಂಡಿದ್ದನಂತೆ. ಸೋಮವಾರ ನಾನು ಅವನ ಬಾಗಿಲವರೆಗೆ ಬಂದಿದ್ದೆ, ಮುಖ ತೋರಿಸಲಾಗದೆ ತಿರುಗಿ ಹೋದೆ ಎಂದು. ಬೀದಿಯಲ್ಲಿ ಗಾಡಿ ಕಾಣದಿದ್ದರೂ ಹಾಗೆಯೇ ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದ. ಅವತ್ತೇ ನೀವು ಒಂದು ಸಲ ಕೂಗಿದ್ದರೂ ಏನೂ ಕೇಳದೆ ಬಂದುಬಿಡುತ್ತಿದ್ದೆ, ಕೂಗಲಿಲ್ಲವೆಂದೇ ಮಾರನೆಯ ದಿನ ಲಾರಿಗೆ ಹೋದೆ ಎಂದ. ಆಮೇಲೆ ನಿಂತು ನನ್ನ ಮುಖ ನೋಡಿ ಕೇಳಿದ:

"ಬಂದಿದ್ರಿ ತಾನೆ ಸಾರ್?"

ಹೌದು ಎಂದುಬಿಡಬಹುದಿತ್ತು. ಅವನು ಅದಕ್ಕಾಗಿಯೇ ಕಾಯುತ್ತಿದ್ದ. ಆದರೆ ಆ ಮನುಷ್ಯನಿಗೆ ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಇಲ್ಲ ಮಾದೇವ," ಎಂದೆ, "ನಾನು ಬಂದಿರಲಿಲ್ಲ."

ಅವನು ತಲೆಯಾಡಿಸಿ, ಆಟೋದವನಿಗೆ ಒಂಟಿಕೊಪ್ಪಲಿಗೆ ಹೋಗುವ ಹತ್ತಿರದ ದಾರಿ ಹೇಳಿ, ಹಿಂದಕ್ಕೆ ತಿರುಗಿ ನಡೆದ.